ಎರಡನೇ ಹಂತ

ಫೆಬ್ರವರಿ ೩, ಸೋಮವಾರ

ಪ್ರೀತಿಯ ಮರಿ,

ಹೇಗಿದ್ದೀಯೇ? ವಾಂತಿ ಕಡಿಮೆಯಾಯಿತೇ? ಅಳಿಯಂದಿರು ಮನೆಗೆ ಬಂದರೋ, ಇಲ್ಲ ಇನ್ನೂ ಗೂಡ್ಸ್ ರೈಲಿನ ಕೊನೆಯ ಡಬ್ಬಿಯಲ್ಲಿ ಬಾವುಟ ಹಿಡಿದು ಊರೂರು ಸುತ್ತುತ್ತಿದ್ದಾರೋ? ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯದ ಅಮ್ಮನನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೀಯೋ. ಬೈದರೆ ತಪ್ಪಿಲ್ಲ. ಬೆಳಿಗ್ಗೆ ನೀನು ಮಾಡುವ ಫೋನಿನಲ್ಲಿ "ತಿಂಡಿ ಆಯ್ತಾ, ಮೈ ಹುಷಾರಾ" ಎನ್ನುವಷ್ಟರಲ್ಲಿ ನನ್ನ ಬಸ್ಸು ಬಂದುಬಿಡುತ್ತದೆ. ಸಂಜೆ ಮನೆ ಸೇರಿದ ಮೇಲೋ, ದಿನವಿಡೀ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕಂಡವರ ಮಾತಿಗೆಲ್ಲ ದಾರಿ ಮಾಡಿಕೊಟ್ಟವಳಿಗೆ ಫೋನು ಕಂಡರೆ ಮೈ ಉರಿಯುತ್ತದೆ. ಅದಕ್ಕೇ ಅಲ್ಲವೇ ನಾವಿಬ್ಬರೂ ಪತ್ರದ ರೂಢಿ ಇಟ್ಟುಕೊಂಡದ್ದು? ಅದನ್ನೂ ತಡಮಾಡಿದ್ದಕ್ಕೆ ಒಂದು ಕಾರಣವಿದೆ, ಕೇಳು.

ನಮ್ಮ ಆಸ್ಪತ್ರೆಯ ಟೆಲಿಫೋನ್ ಬೋರ್ಡು ತೆಗೆಯುತ್ತಾರಂತೆ. ಮೆಟ್ಟಿಲ ಕೆಳಗಿನ ಆ ಪುಟ್ಟ ಕೋಣೆಯನ್ನು ಸಾಮಾನು ತುಂಬಲು ಕೊಡುತ್ತಾರಂತೆ. ಇನ್ನು ಮುಂದೆ ವಾರ್ಡಿನ ಫೋನುಗಳೂ ಕಂಪ್ಯೂಟರಿನ ನೀಲಿ ತಂತಿಯಲ್ಲೇ ಓಡುತ್ತವೆ, ನಡುವೆ ಕೂತು "ಒಂದ್ ನಿಮಿಷ ಲೈನಲ್ಲಿರಿ" ಎನ್ನಲು ಆಳು ಬೇಡ. ಆಡಳಿತದ ಮೇಡಂ ನಮ್ಮಿಬ್ಬರನ್ನೂ ಕರೆಸಿ ಕೂರಿಸಿ ನೀರು ಕೊಟ್ಟರು. ನೀರು ಕೊಟ್ಟಾಗಲೇ ನನಗೆ ಗೊತ್ತಾಯಿತು.

"ನಿಮ್ಮನ್ನ ಮನೆಗೆ ಕಳಿಸೋದಿಲ್ಲ. ಬಟ್ಟೆ ವಿಭಾಗದಲ್ಲಿ ಜಾಗ ಇದೆ, ಹಾಸಿಗೆ ಹೊದಿಕೆ ನೋಡ್ಕೋಬೇಕು. ಅದು ಬೇಡ ಅಂದ್ರೆ ನೆಟ್‌ವರ್ಕ್ ವಿಭಾಗ. ಆದ್ರೆ ಅಲ್ಲಿಗೆ ಎರಡನೇ ಹಂತದ ಸರ್ಟಿಫಿಕೇಟ್ ಬೇಕೇ ಬೇಕು. ಜೂನ್ ಮುಗಿಯೋದ್ರೊಳಗೆ ಪಾಸಾಗ್ಬೇಕು. ಫೀಸು ನಾವು ಕಟ್ತೀವಿ, ಒಂದು ಹಂತಕ್ಕೆ ಒಂದೇ ಸಲ" ಎಂದರು.

ನನ್ನ ಜೊತೆ ಪಾಳಿ ಬದಲಿಸುವ ಗಟ್ಟಿಗಂಟಲಿನವಳು ಗೊತ್ತಲ್ಲ, ಅವಳು ಮೇಡಂ ಮಾತು ಮುಗಿಯುವ ಮೊದಲೇ "ಬಟ್ಟೆ!" ಎಂದಳು. ಆಚೆ ಬಂದ ಮೇಲೆ ನನ್ನ ತೋಳು ಹಿಡಿದು, "ನೀನೂ ಬಂದ್ಬಿಡೇ, ಇಬ್ರೂ ಆರಾಮಾಗಿ ದಿಂಬಿನ ಮೇಲೆ ಕೂತು ಮಾತಾಡ್ಕೊಂಡಿರೋಣ" ಎಂದಳು. ನಗು ಬಂತು. ಆದರೆ ಆ ಕೋಣೆಯ ಬಿಸಿ ಬಟ್ಟೆಯ ವಾಸನೆ, ದಿನವಿಡೀ ಮಡಚುವುದು, ಮಾತಾಡಿಸುವವರಿಲ್ಲ. ಮೇಡಂ ಹತ್ತಿರ ವಾಪಸು ಹೋಗಿ, ನಾನು ಓದುತ್ತೇನೆ ಎಂದುಬಿಟ್ಟೆ. ಈ ವಯಸ್ಸಿನಲ್ಲಿ! ನೀನು ನಗುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ.

ಕ್ಲಾಸು ಟೈರ್ ಅಂಗಡಿಯ ಮಹಡಿ ಮೇಲೆ. ಕೆಳಗೆ ಗಾಳಿ ತುಂಬುವ ಮಿಷನ್ನು ಬುಸ್ ಎಂದಾಗಲೆಲ್ಲ ಮೇಷ್ಟ್ರು ಮಾತು ನಿಲ್ಲಿಸುತ್ತಾರೆ. ನಿನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಮೊದಲ ದಿನ ನನ್ನನ್ನು ನೋಡಿ, ಯಾರೋ ಮಗನ ಫೀಸು ಕಟ್ಟಲು ಬಂದಿದ್ದಾರೆ ಎಂದುಕೊಂಡರಂತೆ. ಬೋರ್ಡಿನ ಮೇಲೆ ನಾಲ್ಕು ಗೆರೆ ಎಳೆದು ಹಂತಗಳನ್ನು ಹೇಳಿದರು. "ಮೊದಲನೇದು, ಇದು ಯಾವ ತಂತಿ, ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿರೋರಿಗೆ. ಎರಡನೇದು, ಅದನ್ನ ಜೋಡಿಸಿ ನಡೆಸೋರಿಗೆ. ಮೂರನೇದು, ಕೆಟ್ಟು ನಿಂತಾಗ ಎಲ್ಲಿ ಕೆಟ್ಟಿದೆ ಅಂತ ಹುಡುಕೋರಿಗೆ. ನಾಲ್ಕನೇದು, ಇಡೀ ಜಾಲಾನ ಬರೀ ಕೈಯಿಂದ ಕಟ್ಟೋರಿಗೆ. ನಾಲ್ಕನೇದರಲ್ಲಿ ನಾನೇ ಬಿದ್ದಿದೀನಿ, ಹೆದರ್ಬೇಡಿ." ಇನ್ನೊಂದು ವಿಷಯ: ಯಾವ ಹಂತವೂ ಶಾಶ್ವತವಲ್ಲ. ಮೂರು ವರ್ಷಕ್ಕೊಮ್ಮೆ ಮತ್ತೆ ಬರೆದು ಉಳಿಸಿಕೊಳ್ಳಬೇಕು.

ರಾತ್ರಿ ಓದಿದ್ದು ಬೆಳಿಗ್ಗೆ ಮರೆಯುತ್ತದೆ. ಓದುತ್ತಾ ಹಾಲು ಉಕ್ಕಿಸಿದ್ದಕ್ಕೆ ಲೆಕ್ಕವಿಲ್ಲ. ಆದರೂ, ಹೇಳಲು ನಾಚಿಕೆ, ಚೆನ್ನಾಗಿದೆ ಕಣೇ.

ಹೊಟ್ಟೆ ತುಂಬ ತಿನ್ನು. ಭಾರ ಎತ್ತಬೇಡ. ಅಳಿಯಂದಿರಿಗೆ ನನ್ನ ಹಾರೈಕೆ ತಿಳಿಸು.

ನಿನ್ನ ಅಮ್ಮ


ಮೇ ೧೧, ಭಾನುವಾರ

ಪ್ರೀತಿಯ ಮರಿ,

ಈ ಸಲವೂ ತಡ. ಈ ಸಲ ಕ್ಷಮೆ ಕೇಳುವುದರ ಜೊತೆಗೆ ಒಂದು ಸಿಹಿ ಸುದ್ದಿಯನ್ನೂ ತಂದಿದ್ದೇನೆ. ಮೊದಲ ಹಂತ ಪಾಸು! ಫೋನಿನಲ್ಲೇ ಹೇಳಿದ್ದೆ ನಿಜ, ಆದರೆ ಪತ್ರದಲ್ಲಿ ಬರೆಯುವ ಖುಷಿಯೇ ಬೇರೆ. ಟೈರ್ ಅಂಗಡಿಯವನು ಕೂಡ ಮೇಲೆ ಬಂದು ಕೈ ಕುಲುಕಿದ. ಕ್ಲಾಸಿನ ಹುಡುಗ ಹುಡುಗಿಯರು ನನ್ನನ್ನು "ಎಕ್ಸ್‌ಟೆನ್ಶನ್ ಆಂಟಿ" ಎನ್ನುತ್ತಾರೆ, ಏನೇ ಪಾಠ ಮಾಡಿದರೂ ನಾನು "ಅಂದ್ರೆ ನಮ್ಮ ಎಕ್ಸ್‌ಟೆನ್ಶನ್ ನಂಬರ್ ಇದ್ದಹಾಗೆ ತಾನೇ?" ಎಂದು ಕೇಳುತ್ತೇನಂತೆ. ಹತ್ತರಲ್ಲಿ ಎಂಟು ಸಲ ಹಾಗೆ ಇರುವುದಿಲ್ಲ, ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಾರೆ.

ಈಗ ನಿನ್ನ ಪತ್ರದ ಮಾತಿಗೆ ಬರುತ್ತೇನೆ. ಹೆರಿಗೆ ಆಗಸ್ಟ್ ಮೊದಲ ವಾರ ಎಂದಿದ್ದಾರೆ, ಜೂನ್ ಮುಗಿಯುವುದರೊಳಗೆ ಬಂದುಬಿಡು, ಇವರು ರೈಲಿನ ಡ್ಯೂಟಿಗೆ ಹೋದರೆ ಮನೆಯಲ್ಲಿ ನಾನೊಬ್ಬಳೇ, ಭಯವಾಗುತ್ತದೆ ಎಂದು ಬರೆದಿದ್ದೀಯ. ಬರುತ್ತೇನೆ. ಎರಡನೇ ಹಂತದ ಪರೀಕ್ಷೆ ಜೂನ್ ೨೭, ಶುಕ್ರವಾರ. ಶನಿವಾರದ ಮೊದಲ ಬಸ್ಸು ಹತ್ತಿದರೆ ಸಂಜೆಗೆ ನಿನ್ನ ಬಾಗಿಲಲ್ಲಿರುತ್ತೇನೆ. ರಜೆಗೂ ಬರೆದುಕೊಟ್ಟಾಯಿತು.

"ಪರೀಕ್ಷೆ ಆಮೇಲೆ ಬರೆದರೆ ಆಗುವುದಿಲ್ಲವೇ ಅಮ್ಮಾ" ಎಂದೂ ಕೇಳಿದ್ದೀಯ. ಮೇಡಂ ಹತ್ತಿರ ಹೋಗಿ ಕೇಳಿದೆ. "ನಿಮಗೊಬ್ಬರಿಗೆ ದಿನಾಂಕ ಬದಲಾಯಿಸಿದ್ರೆ ನಾಳೆ ಎಲ್ಲರೂ ಬರ್ತಾರೆ" ಎಂದರು. ಇನ್ನೂ ಮುಂಚೆ ಬರೆಯೋಣವೆಂದರೆ ನನ್ನ ತಲೆಗೆ ಪಾಠ ಹತ್ತಬೇಕಲ್ಲ. ಹೇಗೂ ಹೆರಿಗೆಗೆ ಒಂದು ತಿಂಗಳ ಮೇಲೆ ಉಳಿದಿರುತ್ತದೆ. ಕೋಪ ಮಾಡಿಕೊಳ್ಳಬೇಡ.

ನಿನ್ನ ಆ ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. "ನಿನಗೆ ಯಾವಾಗಲೂ ಡ್ಯೂಟಿ." ನಿನಗೆ ಎಂಟು ವರ್ಷವಿರಬೇಕು, ಶಾಲೆಯಲ್ಲಿ ಜ್ವರ ಬಂದು ಅಲ್ಲಿನ ಆಫೀಸಿನಿಂದ ಬೋರ್ಡಿಗೆ ಫೋನ್ ಮಾಡಿಸಿದ್ದೆ. ನಾನು ರೂಢಿಯಂತೆ, "ನಮಸ್ಕಾರ, ಯಾರು ಬೇಕಾಗಿತ್ತು?" ಎಂದೆ. ನೀನು, "ನಂಗೆ ಅಮ್ಮ ಬೇಕಾಗಿತ್ತು" ಎಂದೆ. ಪಾಳಿ ಬದಲಿಸಲು ಬಂದ ಗಟ್ಟಿಗಂಟಲಿನವಳಿಗೆ ಹೇಳಿ ಇಬ್ಬರೂ ನಕ್ಕೆವು. ನಗುವ ಮಾತಾಗಿರಲಿಲ್ಲವೆಂದು ಈಗ ಅನಿಸುತ್ತದೆ. ನಿನ್ನಪ್ಪ ಹೋದ ಮೇಲೆ ಎರಡು ಪಾಳಿ ಮಾಡದೆ ಗತಿಯಿರಲಿಲ್ಲ, ಅದು ನಿನಗೂ ಗೊತ್ತು. ಆದರೂ ತಾಯಿಯನ್ನು ಕೇಳಿ ಪಡೆಯಬೇಕಾದ ಮಗು ನೀನೊಬ್ಬಳೇ ಇದ್ದೆಯೇನೋ.

ಈ ಸಲ ಹಾಗಾಗಲು ಬಿಡುವುದಿಲ್ಲ. ಮಗುವಿನ ಮುಖವನ್ನು ನಿನಗಿಂತ ಮೊದಲು ನಾನೇ ನೋಡುತ್ತೇನೆ, ನೋಡುತ್ತಿರು.

ನಿಮ್ಮ ಎದುರುಮನೆಯ ಟೈಲರಿಗೆ ಒಂದು ಮಾತು ಹೇಳಿಟ್ಟಿರು, ಹೊತ್ತಿಗೆ ಬೇಕಾಗಬಹುದು. ಒಳ್ಳೆಯ ಮನುಷ್ಯ.

ನಿನ್ನ ಅಮ್ಮ


ಜುಲೈ ೨೦, ಭಾನುವಾರ

ಮರಿ,

"ಪ್ರೀತಿಯ" ಎಂದು ಬರೆದು ಹೊಡೆದುಹಾಕಿದೆ. ಆ ಮಾತು ಬರೆಯುವ ಯೋಗ್ಯತೆ ಈಗ ಇಲ್ಲವೆನಿಸಿತು. ನಿನ್ನ ಊರಿನಿಂದ ಬಂದ ದಿನವೇ ಬರೆಯಬೇಕಿತ್ತು. ದಿನಾ ಪೆನ್ನು ಹಿಡಿಯುವುದು, ಮೇಲೆ ತಾರೀಖು ಹಾಕುವುದು, ಎದ್ದು ಹೋಗಿ ಪಾತ್ರೆ ತೊಳೆಯುವುದು. ನೀನು ಬೆಳಗಿನ ಫೋನು ನಿಲ್ಲಿಸಿದ್ದೀಯ. ಅಳಿಯಂದಿರು ಎರಡು ದಿನಕ್ಕೊಮ್ಮೆ ಮಾಡುತ್ತಾರೆ. ಮಗು ಮನೆಗೆ ಬಂದಿತಂತೆ, ಈಗ ಗಾಜಿನ ಪೆಟ್ಟಿಗೆ ಬೇಡವಂತೆ, ತಾನೇ ಹಾಲು ಎಳೆದುಕೊಳ್ಳುತ್ತದಂತೆ. ಕೇಳಿ ಗೋಡೆಗೆ ಒರಗಿ ಕೂತುಬಿಟ್ಟೆ. ಹಿಂದೆ ನಿನ್ನ ಧ್ವನಿ ಕೇಳಿಸಿತು, ಏನೋ ತೊಟ್ಟಿಲ ಬಟ್ಟೆಯ ಮಾತು. "ಕೊಡಲಾ?" ಎಂದರು ಅಳಿಯಂದಿರು. "ಬೇಡ, ಅವಳಿಗೆ ಕೆಲಸವಿರುತ್ತದೆ" ಎಂದೆ. ಇಬ್ಬರಿಗೂ ನಾಚಿಕೆಯಾಗಬಾರದಲ್ಲ.

ಆ ಶುಕ್ರವಾರ ಏನಾಯಿತೆಂದು ನನ್ನ ಬಾಯಿಂದ ನೀನು ಕೇಳಿಲ್ಲ. ಅಳಿಯಂದಿರಿಗೆ ಹೇಳಿದ್ದು ಅರ್ಧ. ಪೂರ್ತಿ ಇಲ್ಲಿದೆ.

ಬೆಳಿಗ್ಗೆ ನೀನು ಫೋನ್ ಮಾಡಿ, "ಚೆನ್ನಾಗಿ ಬರಿಯಮ್ಮ, ನಾಳೆ ಬಾ" ಎಂದೆ. ಧ್ವನಿ ಸ್ವಲ್ಪ ಇಳಿದಿತ್ತು, ನಿದ್ದೆ ಸಾಲದು ಎಂದುಕೊಂಡೆ. ಪರೀಕ್ಷೆಯ ಜಾಗ ಒಂದು ಬ್ಯಾಂಕಿನ ಮೇಲಿನ ಮಹಡಿ. ಬಾಗಿಲಲ್ಲಿ ಕೂತಿದ್ದ ಹುಡುಗಿ ನನ್ನ ಗುರುತಿನ ಚೀಟಿ ನೋಡಿದಳು, ಅಂಗೈ ಮಿಷನ್ನಿನ ಮೇಲೆ ಇಡಿಸಿದಳು, ಕನ್ನಡಕ ಬಿಚ್ಚಿಸಿ ತಿರುಗಿಸಿ ನೋಡಿದಳು. ಬಳೆ, ವಾಚು, ಚೀಲ ಎಲ್ಲ ಲಾಕರಿಗೆ. ಕೊನೆಗೆ ಫೋನು. ಆಫ್ ಮಾಡಲು ಕೈಗೆ ತೆಗೆದುಕೊಂಡೆ, ಅಷ್ಟರಲ್ಲಿ ಅದು ಬಡಿದುಕೊಂಡಿತು. ಪರದೆಯ ಮೇಲೆ "ಮರಿ" ಎಂದಿತ್ತು.

ನೀನು ಬೆಳಿಗ್ಗೆ ಮಾತಾಡಿದ ಮೇಲೆ ಮತ್ತೆ ಫೋನ್ ಮಾಡುವವಳಲ್ಲ. ನನ್ನ ಪರೀಕ್ಷೆಯ ಹೊತ್ತು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದೀಯೆಂದರೆ ಸುಮ್ಮನೆ ಇರಲಾರದು ಎಂದು ನನಗೆ ಹೊಳೆಯಿತು. ಹೊಳೆಯಲಿಲ್ಲ ಎಂದು ಹೇಳಿಕೊಳ್ಳಲು ಇಷ್ಟು ದಿನ ಪ್ರಯತ್ನಿಸಿದೆ, ಆಗಲಿಲ್ಲ. ಆ ಹುಡುಗಿಯೇ ಹೇಳಿದಳು, "ಬೇಕಾದ್ರೆ ಮಾತಾಡಿ ಬನ್ನಿ ಅಮ್ಮ, ಇನ್ನೂ ಸ್ವಲ್ಪ ಟೈಮಿದೆ. ಆಚೆ ಮೆಟ್ಟಿಲ ಹತ್ರ ಹೋಗಿ."

ಎತ್ತಿಕೊಂಡರೆ ನೀನು ಬಾ ಎನ್ನುತ್ತೀಯ. ಬಾ ಎಂದರೆ ಬರಬೇಕು. ಬಂದರೆ ಫೀಸು ಹೋಯಿತು, ಜೂನ್ ಹೋಯಿತು, ಬಟ್ಟೆಯ ಕೋಣೆ. ಇಷ್ಟೂ ಒಂದು ರಿಂಗು ಮುಗಿದು ಇನ್ನೊಂದು ರಿಂಗು ಬರುವುದರೊಳಗೆ ನನ್ನ ತಲೆಯಲ್ಲಿ ಓಡಿತು. "ಮಗಳು. ಆಮೇಲೆ ಮಾಡ್ತೀನಿ ಬಿಡಿ" ಎಂದೆ. ಒತ್ತಿ ಹಿಡಿದೆ. ಪರದೆ ಕಪ್ಪಾಯಿತು. ಬೀಗ ಹಾಕಿದೆ.

ಒಳಗೆ ಒಂದು ಪ್ರಶ್ನೆ ಬಂತು. ಒಂದೇ ತಂತಿಯಲ್ಲಿ ಫೈಲುಗಳೂ ಹೋಗುತ್ತಿವೆ, ಫೋನಿನ ಮಾತೂ ಹೋಗುತ್ತಿದೆ, ದಾರಿ ಇಕ್ಕಟ್ಟಾಗಿದೆ, ಯಾವುದನ್ನು ಮೊದಲು ಹೋಗಲು ಬಿಡುತ್ತೀರಿ? ಮಾತನ್ನು. ಫೈಲು ಕಾಯುತ್ತದೆ, ಮಾತು ಕಾಯಲಾರದು, ತಡವಾಗಿ ಬಂದ ಮಾತಿಗೆ ಬೆಲೆಯಿಲ್ಲ ಎಂದು ಮೇಷ್ಟ್ರು ಎಷ್ಟು ಸಲ ಹೇಳಿದ್ದರು. ತಡವರಿಸದೆ ಸರಿ ಉತ್ತರ ಒತ್ತಿದೆ.

ಮುಗಿದ ಕೂಡಲೇ ಮಿಷನ್ನು ಒಂದು ಹಾಳೆ ಉಗುಳಿತು. ಪಾಸು. ಆ ಹುಡುಗಿ ಎದ್ದು ನಿಂತು ಕೈ ಕೊಟ್ಟಳು. ನಾನು ಹಾಳೆಯನ್ನು ಎರಡು ಸಲ ಓದಿ, ಮಡಚಿ ಚೀಲಕ್ಕಿಟ್ಟು, ಬಳೆ ಹಾಕಿಕೊಂಡೆ, ವಾಚು ಕಟ್ಟಿಕೊಂಡೆ. ಫೋನ್ ಆನ್ ಮಾಡಿದ್ದು ಎಲ್ಲಕ್ಕಿಂತ ಕೊನೆಗೆ. ಆಮೇಲಿನದು ನಿನಗೆ ಗೊತ್ತೇ ಇದೆ.

ನಿನಗೆ ಗೊತ್ತಿರದ ಒಂದು ವಿಷಯ ಟೈಲರ್ ನನಗೆ ಹೇಳಿದರು. ನೀನು ಹೊಟ್ಟೆ ಹಿಡಿದುಕೊಂಡು ಅವರ ಬಾಗಿಲಿಗೆ ಬಂದಾಗ ಅವರು ಯಾರದೋ ಕೋಟಿಗೆ ಅಳತೆ ತೆಗೆಯುತ್ತಿದ್ದರಂತೆ. ಅಂಗಡಿ ತೆರೆದಿಟ್ಟು ನಿನ್ನನ್ನು ಸಾಮಾನಿನ ಗಾಡಿಯಲ್ಲಿ ಕೂರಿಸಿಕೊಂಡು ಹೊರಟರಂತೆ. ಆಪರೇಷನ್ ಬಾಗಿಲಲ್ಲಿ ನರ್ಸ್ ಬಂದು, "ತಾಯಿ ಕಡೆಯವರು ಯಾರಿದೀರಾ?" ಎಂದು ಕೂಗಿದಾಗ ಯಾರೂ ಇಲ್ಲದ್ದನ್ನು ನೋಡಿ, "ನಾನಿದೀನಿ" ಎಂದರಂತೆ. "ನೀವು ಏನಾಗ್ಬೇಕು?" "ಎದುರುಮನೆ." ಆ ನರ್ಸು ಅವರ ಕೊರಳಲ್ಲಿ ಜೋತುಬಿದ್ದಿದ್ದ ಅಳತೆಯ ಟೇಪನ್ನೇ ನೋಡುತ್ತಿದ್ದಳಂತೆ. ನಗುತ್ತಾ ಹೇಳಿದರು ಪಾಪ, ನನ್ನನ್ನು ನಗಿಸಲು. ನನಗೆ ಅವರ ಮುಖ ನೋಡಲಾಗಲಿಲ್ಲ. ಮಗುವಿನ ಮುಖವನ್ನು ಮೊದಲು ನೋಡಿದವರು ಅವರು.

ನಾನು ಬಂದಾಗ ಶನಿವಾರ ಬೆಳಕು ಹರಿದಿತ್ತು. ಬಸ್ಸಿನಲ್ಲಿ ನಿಂತುಕೊಂಡೇ ಬಂದೆ, ಸೀಟು ಖಾಲಿಯಾದಾಗಲೂ ಕೂರಬೇಕೆನಿಸಲಿಲ್ಲ. ನೀನು ಕಣ್ಣು ಬಿಟ್ಟು ನನ್ನನ್ನು ನೋಡಿ ಕೇಳಿದ್ದು ಒಂದೇ: "ಪಾಸಾಯ್ತಾ?"

"ಆಯ್ತು" ಎಂದೆ.

"ಒಳ್ಳೇದಾಯ್ತು" ಎಂದು ನೀನು ಗೋಡೆ ಕಡೆ ತಿರುಗಿದೆ. ಬೈದಿದ್ದರೆ, ಕೈಯಲ್ಲಿದ್ದ ಲೋಟ ಎಸೆದಿದ್ದರೆ ತಡೆದುಕೊಳ್ಳುತ್ತಿದ್ದೆ ಮರಿ.

ಅಳಿಯಂದಿರು ಮಧ್ಯಾಹ್ನ ಬಂದರು, ಮೈತುಂಬ ರೈಲಿನ ಧೂಳು. ಅವರಿಗೆ, "ಒಳಗೆ ಫೋನ್ ಬಿಡೋದಿಲ್ಲ, ಲಾಕರಲ್ಲಿತ್ತು" ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. "ಬಿಡಿ ಅತ್ತೆ, ನಾನೂ ಇರ್ಲಿಲ್ವಲ್ಲ. ರೂಲ್ಸ್ ಅಂದ್ಮೇಲೆ ಏನ್ ಮಾಡೋಕಾಗುತ್ತೆ" ಎಂದು ನನಗೇ ಟೀ ತಂದುಕೊಟ್ಟರು. ಅವರಿಗೂ ಈ ಪತ್ರ ಓದಿಸು. ಅವರ ಮುಂದೆ ಒಳ್ಳೆಯವಳಾಗಿ ಉಳಿಯುವ ಆಸೆ ನನಗಿಲ್ಲ.

ಆ ವಾರವಿಡೀ ನೀನು ನನ್ನ ಕೈಯಲ್ಲಿ ಊಟ ಮಾಡಿದೆ, ತಲೆ ಬಾಚಿಸಿಕೊಂಡೆ, ಗಾಜಿನ ಪೆಟ್ಟಿಗೆಯ ಹತ್ತಿರ ಹೋಗುವಾಗ ನನ್ನ ತೋಳು ಹಿಡಿದೆ. ಮಾತು ಮಾತ್ರ ಇಲ್ಲ. ಕೊನೆಗೆ, "ನಿಂಗೆ ಹೊಸ ಕೆಲಸ ಶುರು ಆಗ್ಬೇಕಲ್ಲ, ಹೋಗಮ್ಮ" ಎಂದೆ. ಕೊಂಕಿರಲಿಲ್ಲ ಅದರಲ್ಲಿ. ದಣಿದ ಧ್ವನಿ. ನಾನು ಇದ್ದರೆ ನಿನಗೆ ನಿದ್ದೆ ಬರುವುದಿಲ್ಲವೆಂದು ಗೊತ್ತಾಗಿ ಹೊರಟುಬಂದೆ.

ಇಲ್ಲಿಯ ಸುದ್ದಿ ಏನು ಹೇಳಲಿ. ನೆಟ್‌ವರ್ಕ್ ವಿಭಾಗದಲ್ಲಿ ನನಗೊಂದು ಮೇಜು ಕೊಟ್ಟಿದ್ದಾರೆ, ಕಿಟಕಿಯಿದೆ. ಹಳೆಯ ಬೋರ್ಡನ್ನು ಮಂಗಳವಾರ ಬಿಚ್ಚಿದರು. ಅದರ ಹಿಂದಿನ ತಂತಿಗಳಲ್ಲಿ ಯಾವುದು ಯಾವ ವಾರ್ಡಿನದೆಂದು ಹೇಳಲು ನನ್ನನ್ನೇ ಕರೆದರು. ಒಂದೊಂದನ್ನೂ ಹೇಳುತ್ತಾ ಹೋದೆ, ಹುಡುಗರು ಕತ್ತರಿಸುತ್ತಾ ಹೋದರು. ಗಟ್ಟಿಗಂಟಲಿನವಳು ಬಾಗಿಲಲ್ಲಿ ದಿಂಬಿನ ಕವರುಗಳನ್ನು ಎದೆಗೆ ಒತ್ತಿಕೊಂಡು ನಿಂತು ನೋಡಿದಳು. "ಮಗಳು ಹೇಗಿದಾಳೆ?" ಎಂದಳು, ಮೊದಲ ಸಲ ಮೆಲ್ಲಗೆ. "ಚೆನ್ನಾಗಿದಾಳೆ" ಎಂದೆ. ಮೇಷ್ಟ್ರು ಮೂರನೇ ಹಂತಕ್ಕೆ ಹೆಸರು ಬರೆಸಿ ಎನ್ನುತ್ತಿದ್ದಾರೆ. ಈಗ ಬೇಡ ಎಂದಿದ್ದೇನೆ.

ಆಗಸ್ಟ್ ಪೂರ್ತಿ ರಜೆ ಒಪ್ಪಿಸಿಕೊಂಡಿದ್ದೇನೆ. ಬರಲೇ? ನೀನು ಬಾ ಎಂದರೆ ಬರುತ್ತೇನೆ. ಮಾತಾಡಬೇಕೆಂದೇನಿಲ್ಲ. ಬಟ್ಟೆ ಒಗೆಯುತ್ತೇನೆ, ಮಗುವನ್ನು ಎತ್ತಿಕೊಂಡಿರುತ್ತೇನೆ, ನೀನು ಮಲಗು. ಬೇಡವೆಂದರೆ ಅದನ್ನೂ ಅಳಿಯಂದಿರ ಕೈಯಲ್ಲಿ ಹೇಳಿಸು, ತಪ್ಪು ತಿಳಿಯುವುದಿಲ್ಲ.

ಮಗು ನೂರು ಕಾಲ ಬಾಳಲಿ. ನಿನ್ನ ಮೈಯ ನೋವು ಬೇಗ ಇಳಿಯಲಿ. ಟೈಲರ್ ಮನೆಯ ದೀಪ ಯಾವತ್ತೂ ಆರದಿರಲಿ.

ನಿನ್ನ ಅಮ್ಮ

ಮತ್ತೆ: ಮರೆತು ಹೋಗಿ ಕೆಳಗೆ ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ನರ್ಸ್ ಆಚೆ ಹೋದ ಮೇಲೆ, ನೀನು ಗೋಡೆ ಕಡೆ ತಿರುಗಿಕೊಂಡೇ, "ಒಳಗೆ ಕೂತಾಗ ನನ್ ಯೋಚನೆ ಬಂತಾ?" ಎಂದು ಕೇಳಿದೆ. "ಪ್ರತಿ ನಿಮಿಷ ಬರ್ತಿತ್ತು ಕಣೇ" ಎಂದೆ. ಬರಲಿಲ್ಲ ಮರಿ. ಒಂದು ಸಲವೂ ಬರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ನಾನು ಯಾರಿಗೂ ಏನೂ ಆಗಿರಲಿಲ್ಲ. ಪ್ರಶ್ನೆ ಬರುತ್ತಿತ್ತು, ನನಗೆ ತಿಳಿಯುತ್ತಿತ್ತು, ಇನ್ನೊಂದು ಬರುತ್ತಿತ್ತು, ಅದೂ ತಿಳಿಯುತ್ತಿತ್ತು. ನೀನು ಅಲ್ಲಿ ನನ್ನನ್ನು ಕೂಗುತ್ತಿದ್ದ ಹೊತ್ತಿನಲ್ಲಿ ನಾನು ಸುಖವಾಗಿದ್ದೆ. ನಿನ್ನಪ್ಪ ಹೋದ ಮೇಲೆ ಅಷ್ಟು ಸುಖವಾಗಿ ಎಲ್ಲಿಯೂ ಕೂತ ನೆನಪಿಲ್ಲ. ಫೋನ್ ಆಫ್ ಮಾಡಿದ್ದಕ್ಕೆ ನಿನ್ನ ಕಾಲು ಹಿಡಿದು ಕ್ಷಮೆ ಕೇಳುತ್ತೇನೆ. ಆ ಸುಖಕ್ಕೂ ಕೇಳಬೇಕೆಂದು ದಿನಾ ಕೂರುತ್ತೇನೆ, ಬಾಯಿ ಬರುವುದಿಲ್ಲ.